ಎಡಗೈ ಸತ್ಯವತಿಯ ಗಾಲ್ಫ್

ಎಡಗೈಯಲ್ಲಿ ಬಳಪ ಹಿಡಿದ ತಪ್ಪಿಗೆ ಸತ್ಯವತಿ ಮೈಸೂರಿನಲ್ಲಿ ಬಾಲ್ಯವಿಡೀ ಏಟು ತಿಂದವಳು. ಊಟದ ಹೊತ್ತಿಗೆ ತಾಯಿ ಭದ್ರಮ್ಮ ಅವಳ ಎಡಗೈಯನ್ನು ಹಳೆಯ ಟವೆಲ್ಲಿನಿಂದ ಹಿಂದಕ್ಕೆ ಕಟ್ಟಿಬಿಡುತ್ತಿದ್ದರಂತೆ. ಕೊನೆಗೆ ಬರೆಯುವುದು, ಬಡಿಸುವುದು, ಕುಂಕುಮ ಕೊಡುವುದು ಎಲ್ಲವೂ ಬಲಗೈಗೆ ಬಂದವು. ಅಮೆರಿಕದ ಸಾಂಟಾ ಕ್ಲಾರಾದ ಅಪಾರ್ಟ್‌ಮೆಂಟಿನಲ್ಲಿ ಅವಳ ಪಕ್ಕದ ಮನೆಯಲ್ಲೇ ಇದ್ದ ನನಗೂ ಅವಳು ಎಡಚಿ ಎಂದು ಗೊತ್ತಿರಲಿಲ್ಲ.

ಸಾವಿರದ ಒಂಬೈನೂರ ಎಂಬತ್ತರಲ್ಲಿ ಅವಳ ಗಂಡ ಅರವಿಂದನಿಗೆ ಗಾಲ್ಫ್ ಕಲಿಯುವ ಹುಚ್ಚು ಹಿಡಿಯಿತು. ಆಫೀಸಿನ ದೊಡ್ಡವರೆಲ್ಲ ಆಡುತ್ತಿದ್ದರಲ್ಲ! ಪಾಪ, ಅವನ ಕೋಲು ಗಾಳಿಗೆ ತಗಲಿತೇ ಹೊರತು ಚೆಂಡಿಗೆ ತಗಲಲಿಲ್ಲ. ನೋಡಿ ನೋಡಿ ಬೇಸತ್ತ ಸತ್ಯವತಿ, ಯಾರೋ ಬಿಟ್ಟುಹೋಗಿದ್ದ ಎಡಗೈಯವರ ಕೋಲನ್ನು ಎತ್ತಿ ಬೀಸಿದಳು. ಚೆಂಡು ಮೈದಾನದ ತುದಿಯ ಬೇಲಿಯ ಹತ್ತಿರ ಹೋಗಿ ಬಿತ್ತು. ಅರವಿಂದ ಆಟ ಬಿಟ್ಟ, ಇವಳು ಹಿಡಿದಳು.

ನಮ್ಮವರು ಆಡಿಕೊಳ್ಳದೆ ಇರುತ್ತಾರೆಯೇ? ಯುಗಾದಿ ಊಟದ ದಿನ ಅಲ್ಲಿನ ಕನ್ನಡದವರಲ್ಲಿ ಹಿರಿಯರಾದ ರಘೋತ್ತಮ ರಾಯರು ಎಲ್ಲರ ಮುಂದೆ, "ಏನಮ್ಮಾ, ಚೆಂಡು ಹೊಡ್ಕೊಂಡೇ ಜೀವನ ಮಾಡ್ತೀಯಾ?" ಎಂದರು.

"ಹೂಂ ರಾಯರೇ, ಸಂಬಳ ತಗೊಂಡೇ ಹೊಡೀತೀನಿ," ಎಂದು ಅವರ ಪೇಪರ್ ಪ್ಲೇಟಿಗೆ ಇನ್ನೊಂದು ಒಬ್ಬಟ್ಟು ಹಾಕಿ ಮುಂದೆ ಹೋದಳು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮಾತಿಗೆ ತಪ್ಪಲಿಲ್ಲ. ಟೂರ್ನಮೆಂಟುಗಳಲ್ಲಿ ಆಡಿದಳು, ಕೆಲವು ಕಡೆ ಬಹುಮಾನ ತಂದಳು, ಹಲವು ಕಡೆ ಮಣ್ಣು ಮುಕ್ಕಿದಳು. ಕಲಿಸುವವರ ಪರೀಕ್ಷೆ ಪಾಸಾಗಿ ಪ್ರೊ ಆದಳು. ಆದರೆ ಅವಳು ಆಸೆಪಟ್ಟದ್ದು ಯಾವುದಾದರೂ ಕ್ಲಬ್ಬಿನ ಕಾಯಂ ಪ್ರೊ ಕೆಲಸಕ್ಕೆ, ಅಂದರೆ ಅಲ್ಲಿನ ಸದಸ್ಯರಿಗೆ ಆಟ ಕಲಿಸುವ ಹುದ್ದೆಗೆ. ಎಷ್ಟೋ ಕ್ಲಬ್ಬುಗಳು ಉತ್ತರವನ್ನೇ ಕೊಡಲಿಲ್ಲ. ಎಂಬತ್ತಾರರಲ್ಲಿ ಗುಡ್ಡದ ಮೇಲಿನ ಶ್ರೀಮಂತರ ಕ್ಲಬ್ಬೊಂದು ಕರೆಯಿತು. ಜೊತೆಗೆ ನಾನೂ ಹೋದೆ.

ಮ್ಯಾನೇಜರು ಮೊದಲೇ ರಾಗ ಎಳೆದ. "ನಮ್ಮ ಸದಸ್ಯರೆಲ್ಲ ಬಲಗೈಯವರು. ಎಡಗೈಯವರು ಹೇಗೆ ಕಲಿಸ್ತೀರಿ?"

"ಯಾರಾದ್ರೂ ನನ್ನ ಎದುರಿಗೆ ನಿಂತ್ಕೊಳ್ಳಿ. ನಾನು ಕನ್ನಡಿ ಅಂದ್ಕೊಂಡು ನಾನು ಮಾಡಿದ್ದನ್ನೇ ಮಾಡಿ."

ಡೋರಿಸ್ ಎಂಬ ವಯಸ್ಸಾದ ಸದಸ್ಯೆ ಎದುರು ನಿಂತಳು. ಸತ್ಯವತಿ ಭುಜ ತಿರುಗಿಸಿದ ಕಡೆಗೇ ತಿರುಗಿಸಿದಳು, ಕೋಲು ಎತ್ತಿದ ಕಡೆಗೇ ಎತ್ತಿದಳು. ಯಾವಾಗಲೂ ಬಲಕ್ಕೆ ಓಡುತ್ತಿದ್ದ ಅವಳ ಚೆಂಡು ನೆಟ್ಟಗೆ ಹೋಯಿತು. ಮುದುಕಿ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು.

ಮ್ಯಾನೇಜರು ಕೆಮ್ಮಿದ. "ಸರಿ, ಕೆಲಸ ನಿಮ್ಮದೇ. ಆದರೆ ಸದಸ್ಯರ ಮುಂದೆ ಬಲಗೈಯಲ್ಲಿ ಆಡಬೇಕು. ನಮ್ಮ ಪ್ರೊ ಅಂದರೆ ನೋಡೋದಕ್ಕೂ ಒಂದು ರೀತಿ ಇರಬೇಕಲ್ಲ. ಹೇಗೂ ಆಗಲೇ ಅರ್ಜಿಗೆ ಬಲಗೈಯಲ್ಲೇ ಸಹಿ ಹಾಕಿದ್ರಿ, ಬೇಗ ಕಲೀತೀರಿ." ಎಂದವನೇ ಬಲಗೈಯವರ ಕೋಲೊಂದನ್ನು ಮುಂದೆ ಚಾಚಿದ.

ಇಷ್ಟು ವರ್ಷ ಕಾದ ಕೆಲಸ. "ಒಪ್ಕೊಂಡ್ಬಿಡೇ," ಎಂದು ಕನ್ನಡದಲ್ಲಿ ಪಿಸುಗುಟ್ಟಿದೆ.

ಅವಳು ಪಿಸುಗುಟ್ಟಲಿಲ್ಲ. "ಒಂದ್ಸಲ ಅಮ್ಮನಿಗೋಸ್ಕರ ಕೈ ಬದಲಾಯಿಸ್ದೆ ಕಣೇ. ಇವನೇನು ನಮ್ಮಮ್ಮನಾ?" ಎಂದು ಜೋರಾಗಿಯೇ ಹೇಳಿ, ಅವನಿಗೆ ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿ ಹೊರಟೇಬಿಟ್ಟಳು. ಕಾರಿನಲ್ಲಿ ಮಾತ್ರ ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಆ ಮನುಷ್ಯನನ್ನು ಬಾಯಿಗೆ ಬಂದಂತೆ ಬೈದೆ, ಅದೇ ಅವಳಿಗೆ ಬೇಕಾಗಿತ್ತು.

ಆಮೇಲೆ ಅವಳು ಯಾರು ಬೇಕಾದರೂ ಬಂದು ಚೆಂಡು ಹೊಡೆಯಬಹುದಾದ ಸಾರ್ವಜನಿಕ ಮೈದಾನವೊಂದರಲ್ಲಿ ಕಲಿಸತೊಡಗಿದಳು. ಡೋರಿಸ್ ಹುಡುಕಿಕೊಂಡು ಬಂದಳು. ಅವಳ ಹಿಂದೆ ಅದೇ ಕ್ಲಬ್ಬಿನ ಗೆಳತಿಯರು, ಆಮೇಲೆ ಅವರ ಗಂಡಂದಿರು. ಮೈದಾನದವರು ಅವಳ ಹೆಸರಿನ ಮುಂದೆ ಪ್ರೊ ಎಂದು ಬರೆಸಿ ಬೋರ್ಡು ಹಾಕಿದರು.

ಎಂಬತ್ತೆಂಟರಲ್ಲಿ ಆ ಕ್ಲಬ್ಬಿನ ಮ್ಯಾನೇಜರು ತಾನೇ ಮೈದಾನಕ್ಕೆ ಬಂದ. ಕ್ಲಬ್ಬಿನ ಕೆಲಸಕ್ಕೆ ಬನ್ನಿ, ಎಡಗೈಯಲ್ಲೇ ಆಡಬಹುದು, ಯಾವ ಷರತ್ತೂ ಇಲ್ಲ ಎಂದ. ಸತ್ಯವತಿ ಕೋಲು ಕೆಳಗಿಡಲಿಲ್ಲ.

"ನಿಮ್ಮ ಸದಸ್ಯರಿಗೆ ಆಗಲೇ ಕಲಿಸ್ತಾ ಇದ್ದೀನಲ್ಲ," ಎಂದಳು. "ನೀವೂ ಕಲೀಬೇಕು ಅಂದ್ರೆ ಕ್ಯೂನಲ್ಲಿ ನಿಂತ್ಕೊಳ್ಳಿ."