ಮನೆಯ ಕಂಪ್ಯೂಟರೂ ನಮ್ಮ ‘ಯಾವಾಗ’ ಮೇಷ್ಟ್ರೂ

ಗಣಿತ ಬಲ್ಲವರು ಬಹಳ ಮಂದಿ. ಗಣಿತಕ್ಕೆ ಹೆದರಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವರ ಸಾಲಿನಲ್ಲಿ ಮಾತ್ರ, ಇದೀಗ ನಿವೃತ್ತರಾಗುತ್ತಿರುವ ನಮ್ಮ ವಿಭಾಗದ ಹಿರಿಯ ಪ್ರಾಧ್ಯಾಪಕರಿಗೇ ಮೊದಲ ಮಣೆ. ಯಾವ ಉತ್ತರ ಹೇಳಿದರೂ “ಸರಿ, ಆದ್ರೆ ಯಾವಾಗ ಸರಿ?” ಎಂದು ಕೇಳುತ್ತಿದ್ದುದರಿಂದ ವಿದ್ಯಾರ್ಥಿಗಳ ಬಾಯಲ್ಲಿ ಅವರು ‘ಯಾವಾಗ’ ಮೇಷ್ಟ್ರು.

ನಾನು ಅವರ ಶಿಷ್ಯೆಯಾದ ಮೊದಲ ವರ್ಷ, ಅಮ್ಮ ಆಸ್ಪತ್ರೆ ಸೇರಿದ್ದ ವಾರ, ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟು ಬಂದೆ. ಸೊನ್ನೆ ಸುತ್ತಿ ಕೈತೊಳೆದುಕೊಳ್ಳಬಹುದಿತ್ತು. ಅವರು ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ, “ಏನಾಯ್ತಮ್ಮ?” ಎಂದರು. ಅಷ್ಟಕ್ಕೇ ನನ್ನ ದುಃಖದ ಕಟ್ಟೆಯೊಡೆಯಿತು. ಆಮೇಲೆ ಪ್ರತಿ ಸಂಜೆ ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೇ ಪಾಠ ನಡೆಯಿತು. ಇಂದು ಅದೇ ವಿಭಾಗದಲ್ಲಿ ನಾನೂ ಪಾಠ ಹೇಳುತ್ತಿರುವುದು ಆ ಬೆಂಚಿನ ಪುಣ್ಯ.

ನಿವೃತ್ತಿಯೊಂದಿಗೆ ಕಾಲೇಜಿನ ಗಣಿತ ತಂತ್ರಾಂಶವೂ ಕೈತಪ್ಪುವುದೆಂದು ಈ ವರ್ಷ ತಿಳಿಯಿತು. ಅವರ ಅರ್ಧ ಬರೆದ ಪಠ್ಯಪುಸ್ತಕದ ಲೆಕ್ಕ, ನಕ್ಷೆಗಳೆಲ್ಲ ಅದರಲ್ಲೇ ಆಗುತ್ತಿದ್ದವು. “ಸಾಕು ಬಿಡಮ್ಮ, ಇಲ್ಲಿಗೇ ನಿಲ್ಲಿಸ್ತೀನಿ” ಎಂದುಬಿಟ್ಟರು. ಅವರ ಪತ್ನಿ ನನಗೆ ಫೋನ್ ಮಾಡಿ, “ಪುಸ್ತಕ ನಿಂತ್ರೆ ಇವರೂ ಕುಗ್ಗಿಹೋಗ್ತಾರೆ. ಏನಾದ್ರೂ ಮಾಡಮ್ಮ ತಾಯಿ” ಎಂದರು.

ಅವರ ಮನೆಯ ಹಳೆಯ ಕಂಪ್ಯೂಟರಿಗೆ ಮೂರು ತಂತ್ರಾಂಶ ಹಾಕಿ ತೋರಿಸಿದೆ. ಮೇಷ್ಟ್ರು ಮೂರಕ್ಕೂ ಒಂದೇ ಲೆಕ್ಕ ಕೊಟ್ಟರು. ಅದರೊಳಗಿನ ಒಂದು ಅಕ್ಷರ ಧನಸಂಖ್ಯೆಯಾದರೆ ಉತ್ತರವೇ ಬೇರೆ, ಋಣಸಂಖ್ಯೆಯಾದರೆ ಬೇರೆ. ದುಬಾರಿಯದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಒಂದೇ ಉತ್ತರ ಎಸೆಯಿತು. “ಅವಸರದ ಆಸಾಮಿ” ಎಂದರು. ಎರಡನೆಯದು ನಕ್ಷೆಯನ್ನೇನೋ ಚೆಂದವಾಗಿ ಬಿಡಿಸುತ್ತಿತ್ತು, ಈ ಲೆಕ್ಕಕ್ಕೆ ಮಾತ್ರ ತೆಪ್ಪಗಾಯಿತು. ಉಚಿತವಾಗಿ ಸಿಕ್ಕ ಮೂರನೆಯದಕ್ಕೆ ಮುಖದಲ್ಲಿ ಕಳೆಯೇ ಇಲ್ಲ, ಪ್ರತಿ ಆಜ್ಞೆಯನ್ನೂ ಟೈಪು ಮಾಡಬೇಕು. ಇದೂ ಆಗಲಿಲ್ಲವೆಂದು ನಾನು ಕೈಚೆಲ್ಲುವಷ್ಟರಲ್ಲಿ, ಆ ಅಕ್ಷರ ಧನವೋ ಋಣವೋ ಎಂದು ಅದು ನಮ್ಮನ್ನೇ ಕೇಳಿ, ಕಾಯುತ್ತ ನಿಂತಿತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ಕೇಳ್ತು ನೋಡಮ್ಮ! ಕೇಳದೆ ಹೇಳಲ್ಲ ಇದು.”

“ಅಯ್ಯೋ, ನಿಮ್ಮಂಥದ್ದೇ ಇನ್ನೊಂದು ಸಿಕ್ತಾ!” ಎಂದು ಒಳಗಿನಿಂದ ಅವರ ಪತ್ನಿ ನಕ್ಕರು. ಮರುದಿನವೇ ನಿಂತ ಅಧ್ಯಾಯ ಮುಂದುವರಿಯಿತು.

ಪೂಜ್ಯ ಮೇಷ್ಟ್ರೇ, ನಿಮ್ಮ ಆಯಸ್ಸು ಗಟ್ಟಿಯಾಗಿರಲಿ, ಬರವಣಿಗೆ ಹೀಗೇ ಸಾಗಲಿ. ಎಂದಾದರೂ ಹಾಳೆ ಖಾಲಿ ಉಳಿಯಿತೆಂದು ತಿಳಿದರೆ ನಾನು ನಿಮ್ಮ ಬಾಗಿಲಿಗೇ ಬಂದು ನಿಂತು ಕೇಳುತ್ತೇನೆ: “ಏನಾಯ್ತು, ಮೇಷ್ಟ್ರೇ?”