ಸೀಟಿಯಕ್ಕನ ಕಲ್ಲು

ಹೆದ್ದಾರಿ ರೈಲು ಹಳಿಯನ್ನು ದಾಟುವ ಜಾಗದಲ್ಲಿ, ಆಚೆ ಬದಿಗೆ ಒಂದು ಬಿಳಿ ಕಲ್ಲಿದೆ. ಅದರ ಮಗ್ಗುಲಲ್ಲಿ ಬಿಳಿ ಬಣ್ಣ ಬಳಿದ ಎತ್ತರದ ಕಬ್ಬಿಣದ ಕಂಬವಿದೆ. ಕಲ್ಲಿನ ಮೇಲೆ ಊರಿನ ಹೆಸರಿಲ್ಲ, ಮೈಲಿಯ ಲೆಕ್ಕವಿಲ್ಲ. ಆದರೂ ಆ ದಾರಿಯ ಲಾರಿಯವರು, ಬಸ್ಸಿನವರು ಹಳಿಯ ದಿಬ್ಬ ಹತ್ತುವ ಮೊದಲು ಕತ್ತು ಚಾಚಿ ಅತ್ತ ನೋಡುತ್ತಾರೆ. ಹೊಸಬರು ಯಾರಾದರೂ ಕೇಳಿದರೆ, "ಅದು ಸೀಟಿಯಕ್ಕನ ಕಲ್ಲು" ಎನ್ನುತ್ತಾರೆ. ಕಲ್ಲನ್ನು ಅಲ್ಲಿಟ್ಟವಳು ಸೀಟಿಯಕ್ಕ. ಕಂಬವನ್ನು ನೆಟ್ಟವನು ಮಾತ್ರ ಅವಳನ್ನು ಎಲ್ಲರಿಗಿಂತ ಹೆಚ್ಚು ಗೇಲಿ ಮಾಡಿದವನು.

ಸೀಟಿಯಕ್ಕ ಹಸಿರು ಬಸ್ಸಿನ ಕಂಡಕ್ಟರ್. ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಮಿಷಿನ್ನಿನ ಸುತ್ತ ನೆಲ ಕಾಣದಷ್ಟು ಬಟ್ಟೆಯ ಚೂರು. ಬಸ್ಸು ಓಡಿಸುವವನು ಗಂಡನ ತಮ್ಮ. ಬಸ್ಸಿನ ಯಜಮಾನರು ಒಂದು ಕಾಲದಲ್ಲಿ ತಾವೇ ಸ್ಟೀರಿಂಗು ಹಿಡಿದವರು. ಈಗ ಮಂಡಿ ನೋವಿನಿಂದ ಬಸ್ ನಿಲ್ದಾಣದ ಮೂಲೆಯ ಕೋಣೆಯಲ್ಲಿ ಕುಳಿತು, ಬಸ್ಸುಗಳು ಬಂದು ಹೋಗುವ ಹೊತ್ತನ್ನು ಗಿಡುಗನ ಕಣ್ಣಿನಿಂದ ಕಾಯುತ್ತಿದ್ದರು.

ಸೀಟಿಯಕ್ಕ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಬೆಳಿಗ್ಗೆ ಏನೂ ಆಗಲಿಲ್ಲ. ಆ ಏನೂ ಆಗದ ಬೆಳಗೇ ಅವಳನ್ನು ಬದಲಾಯಿಸಿತು. ಹಳಿಯ ಆಚೆ ಸ್ವಲ್ಪ ದೂರದಲ್ಲೇ ಕಾರ್ಖಾನೆಯ ಗೇಟು. ಒಳಗೆ ಹೋಗಬೇಕಾದ ಲಾರಿಗಳು ರಸ್ತೆಯ ಮೇಲೆಯೇ ಸಾಲುಗಟ್ಟಿ ನಿಲ್ಲುತ್ತಿದ್ದವು. ಅಂದು ಸಾಲು ಉದ್ದವಾಗಿತ್ತು. ಬಸ್ಸು ದಿಬ್ಬ ಹತ್ತಿ ಮುಂದಿನ ಲಾರಿಯ ಹಿಂದೆ ನಿಂತಿತು. ಹಿಂದಿನ ಬಾಗಿಲಲ್ಲಿ ಚಿಲ್ಲರೆ ಎಣಿಸುತ್ತಿದ್ದ ಅವಳು ಸುಮ್ಮನೆ ಕೆಳಗೆ ನೋಡಿದಳು. ಮೆಟ್ಟಿಲ ಕೆಳಗೆ ಹಳಿ ಫಳಫಳ ಹೊಳೆಯುತ್ತಿತ್ತು. ಬಸ್ಸಿನ ಮುಂಭಾಗ ಆಚೆ ಸೇರಿತ್ತು, ಹಿಂಭಾಗ ಹಳಿಯ ಮೇಲೆಯೇ ಇತ್ತು. ಒಳಗೆ ಜನ ಮಗಳ ಮದುವೆ, ಹಲ್ಲುನೋವು, ಮೇಸ್ತ್ರಿಯ ಬೈಗುಳ ಅಂತ ಮಾತಾಡುತ್ತಲೇ ಇದ್ದರು. ಸ್ವಲ್ಪ ಹೊತ್ತಿಗೆ ಲಾರಿ ಸರಿಯಿತು, ಬಸ್ಸೂ ಸರಿಯಿತು. ರೈಲು ಬರಲೇ ಇಲ್ಲ. ಸಂಜೆ ಅವಳು ಮೈದುನನ ಹತ್ತಿರ ಅದೇ ಮಾತು ತೆಗೆದಳು.

"ಅಡ್ಡಗೇಟು ಇಲ್ಲದಿದ್ದರೇನು, ಗಂಟೆ ಇದೆ, ಕೆಂಪು ದೀಪ ಇದೆ, ಅತ್ತಿಗೆ. ರೈಲು ಬಂದರೆ ಗೊತ್ತಾಗುತ್ತೆ," ಎಂದ ಮೈದುನ.

"ರೈಲು ಬರೋದು ಗೊತ್ತಾಗುತ್ತಪ್ಪ. ಆಮೇಲೆ ನೀನು ಎಲ್ಲಿಗೆ ಹೋಗ್ತೀಯ? ಮುಂದೆ ಲಾರಿ, ಹಿಂದೆ ಇನ್ನೊಂದು ಲಾರಿ. ಅತ್ತ ದರಿ, ಇತ್ತ ಪುಲಿ."



ಮಾರನೆಯ ದಿನದಿಂದ ಅವಳು ದಿಬ್ಬದ ಬುಡದಲ್ಲೇ ಬಸ್ಸು ನಿಲ್ಲಿಸಿ ಇಳಿಯತೊಡಗಿದಳು. ಎರಡೂ ಕಡೆ ನೋಡಿ, ಹಳಿ ದಾಟಿ, ಆಚೆ ಹೋಗಿ ನಿಲ್ಲುವಳು. ಜನ ಅವಳು ರೈಲು ನೋಡಲು ಹೋಗುತ್ತಾಳೆ ಎಂದುಕೊಂಡರು. ಅವಳು ಮುಖ್ಯವಾಗಿ ನೋಡುತ್ತಿದ್ದದ್ದು ರೈಲನ್ನಲ್ಲ, ಜಾಗವನ್ನು. ಇಡೀ ಬಸ್ಸು ಹಳಿ ಬಿಟ್ಟು ನಿಲ್ಲುವಷ್ಟು ಜಾಗ ಆಚೆ ಇದೆಯೇ? ದಿಬ್ಬದ ಕೆಳಗಿನಿಂದ ಡ್ರೈವರಿಗೆ ಅದು ಕಾಣುತ್ತಿರಲಿಲ್ಲ. ಜಾಗವಿದ್ದರೆ ಎರಡು ಸೀಟಿ, "ರೈಟ್!" ಇಲ್ಲದಿದ್ದರೆ ಬಾಯಲ್ಲಿ ಸೀಟಿ ಕಚ್ಚಿಕೊಂಡು ಸುಮ್ಮನೆ ನಿಲ್ಲುವಳು. ಹಿಂದಿನ ಗಾಡಿಗಳು ಹಾರನ್ನು ಹೊಡೆದು ಹೊಡೆದು ಸುಸ್ತಾಗುತ್ತಿದ್ದವು.

ಆದರೆ ಕಣ್ಣಳತೆಯನ್ನು ಎಷ್ಟು ನಂಬುವುದು? ಒಂದು ಭಾನುವಾರ ಗಂಡನ ಅಳತೆ ಟೇಪು ಇಸಿದುಕೊಂಡು, ಗಂಡನನ್ನೂ ಎಳೆದುಕೊಂಡು ನಿಲ್ದಾಣಕ್ಕೆ ಹೋದಳು. ಇಬ್ಬರೂ ಬಗ್ಗಿ ಬಗ್ಗಿ ಬಸ್ಸನ್ನು ಮೂಗಿನಿಂದ ಬಾಲದವರೆಗೆ ಅಳೆಯುವುದನ್ನು ನೋಡಿ ನೀಲಿ ಬಸ್ಸಿನ ಡ್ರೈವರ್ ಬಿದ್ದು ಬಿದ್ದು ನಕ್ಕ. ಎಲ್ಲರೂ ಅವನನ್ನು ಬಿರುಗಾಳಿ ಎನ್ನುತ್ತಿದ್ದರು. ಬಸ್ಸಿನ ಬೆನ್ನ ಮೇಲೆ ಹಾಗೆಂದು ಬರೆಸಿಕೊಂಡವನೂ ಅವನೇ.

"ಏನಣ್ಣ, ಬಸ್ಸಿಗೆ ರವಿಕೆ ಹೊಲೀತಿದೀಯಾ?" ಎಂದು ಕೂಗಿದ. "ಕೈ ಗಿಡ್ಡ ಇಡಬೇಡ, ಚಳಿ ಆಗುತ್ತೆ ಅದಕ್ಕೆ!"

ದರ್ಜಿ ತಲೆ ಎತ್ತಲಿಲ್ಲ. "ನಿನ್ನ ಬಸ್ಸನ್ನೂ ತಗೊಂಡು ಬಾ. ಬಾಯಿಗೊಂದು ಗುಂಡಿ ಹಾಕಿಕೊಡ್ತೀನಿ," ಎಂದ.

ಅಲ್ಲಿಂದ ಹಳಿಯ ಹತ್ತಿರ ಹೋಗಿ, ಹಳಿ ಬಿಟ್ಟು ಸ್ವಲ್ಪ ಆಚೆಯಿಂದ ಶುರು ಮಾಡಿ, ಬಸ್ಸಿನ ಉದ್ದ ಅಳೆದರು. ಅವಳು ಕಲ್ಲು ಇಡಲು ಹೊರಟಾಗ ಗಂಡ ತಡೆದ. "ತಾಳೇ. ಹೊಲಿಗೆಗೆ ಅಂತ ಒಂದಿಷ್ಟು ಬಟ್ಟೆ ಬಿಡಬೇಕು. ಬಿಗಿಯಾಗಿ ಕತ್ತರಿಸಿದ ಅಂಗಿ ಉಸಿರು ಬಿಟ್ಟರೆ ಹರಿಯುತ್ತೆ." ಹಾಗೆ ಒಂದು ಮಾರು ಹೆಚ್ಚಿಗೆ ಬಿಟ್ಟು, ರಸ್ತೆಯ ಅಂಚಿಗೆ ಕಲ್ಲು ನಿಂತಿತು. ಸುಣ್ಣ ಬಳಿದದ್ದು ಅವಳು. ಹಳಿಗೂ ಕಲ್ಲಿಗೂ ನಡುವೆ ಯಾವ ಗಾಡಿಯೂ ಇರಬಾರದು, ಇದ್ದರೆ ಬಸ್ಸು ದಿಬ್ಬ ಹತ್ತಬಾರದು. ಅಷ್ಟೇ ಅವಳ ಕಾನೂನು. ಇನ್ನೊಂದು ಕಾನೂನು ಮೈದುನನಿಗೆ: ಬಸ್ಸು ಹಳಿಯ ಮೂಗಿಗೆ ಬಂದು ನಿಲ್ಲಬಾರದು, ದಿಬ್ಬದ ಬುಡದಲ್ಲೇ ನಿಲ್ಲಬೇಕು.

ಗೇಲಿಗೇನು ಬರವೇ? "ಸೀಟಿಯಕ್ಕ, ಹಾಗೇ ಊರಿನ ತನಕ ನಡೆದೇ ಬಿಡಿ, ಬಸ್ಸು ಹಿಂದೆ ಬರುತ್ತೆ," ಎನ್ನುತ್ತಿದ್ದರು ಪ್ರಯಾಣಿಕರು. ಮನೆಯಲ್ಲಿ ಗಂಡನೂ ಬಿಡುತ್ತಿರಲಿಲ್ಲ. "ಊರಿಗೆಲ್ಲ ಸೀಟಿ ಹೊಡೆಯೋಳಿಗೆ ಸ್ವಂತ ಅಡುಗೆಮನೆಯ ಕುಕ್ಕರ್ ಸೀಟಿ ಕೇಳಿಸಲ್ಲ ನೋಡು," ಎನ್ನುವನು. ಹಾಗೆನ್ನುತ್ತಲೇ ಸೀಟಿಯ ಹಳೆಯ ದಾರ ಸವೆದಿತ್ತೆಂದು ಕೆಂಪು ಬಟ್ಟೆಯ ಗಟ್ಟಿ ಪಟ್ಟಿಯೊಂದನ್ನು ಎರಡು ಸುತ್ತು ಹೊಲಿಗೆ ಹಾಕಿ ಮಾಡಿಕೊಟ್ಟ. ಅವಳಿಗೆ ಅಷ್ಟು ಸಾಕಾಗಿತ್ತು.

ಗೇಲಿಯನ್ನು ಸಹಿಸಬಹುದಿತ್ತು, ಸಾಲದೆ ಹೋದದ್ದು ಹೊತ್ತು. ಇವರ ಬಸ್ಸು ದಿಬ್ಬದ ಬುಡದಲ್ಲಿ ಕಾಯುವಾಗ ನೀಲಿ ಬಸ್ಸು ಪಕ್ಕದಿಂದ ಬುಸ್ಸೆಂದು ನುಗ್ಗಿ, ಆಚೆಯ ನಿಲ್ದಾಣಗಳ ಜನರನ್ನೆಲ್ಲ ಬಾಚಿಕೊಂಡು ಹೋಗುತ್ತಿತ್ತು. ಕೊನೆಗೆ ಯಜಮಾನರು ಅವಳನ್ನು ಕೋಣೆಗೆ ಕರೆದರು.

"ನೋಡಮ್ಮ, ನಾನೂ ಬಸ್ಸು ಓಡಿಸಿದವನು. ಹಳಿ ದಾಟೋದು ನನಗೆ ಹೊಸದಲ್ಲ. ಒಂದು ದಿನಕ್ಕೂ ನನ್ನ ಕಂಡಕ್ಟರು ಇಳಿದು ಮೆರವಣಿಗೆ ಮಾಡಲಿಲ್ಲ. ನಾಳೆ ನಾನೇ ಬಸ್ಸಲ್ಲಿ ಬರ್ತೀನಿ. ಹೊತ್ತು ಸುಮ್ಮಸುಮ್ಮನೆ ಹಾಳಾಗ್ತಿದೆ ಅಂತ ನನಗನಿಸಿದರೆ, ಅಲ್ಲೇ ಬ್ಯಾಗು ಇಸ್ಕೊಳ್ತೀನಿ. ಬೇಜಾರು ಮಾಡ್ಕೋಬೇಡ."

ಮನೆಗೆ ಬಂದು ಅವಳು ಟಿಕೆಟ್ಟಿನ ಚರ್ಮದ ಬ್ಯಾಗನ್ನು ಮೊಳೆಗೆ ನೇತುಹಾಕಿ ಬಹಳ ಹೊತ್ತು ನೋಡುತ್ತ ಕುಳಿತಳು. ಆ ಬ್ಯಾಗು ಹೆಗಲಿಗೆ ಬಿದ್ದ ದಿನ ತಾನೆಷ್ಟು ಎತ್ತರ ಬೆಳೆದಂತೆ ಅನಿಸಿತ್ತು ಎಂಬುದು ಅವಳಿಗೆ ಮರೆತಿರಲಿಲ್ಲ.

"ನಾಳೆ ಒಂದು ದಿನ ಇಳಿಯದೆ ಇದ್ದುಬಿಡಿ, ಅತ್ತಿಗೆ. ನಾನು ಹುಷಾರಾಗಿ ದಾಟಿಸ್ತೀನಿ," ಎಂದ ಮೈದುನ.

"ಯಜಮಾನರು ಇದ್ದಾರೆ ಅಂತ ರೈಲು ರಜೆ ಹಾಕುತ್ತೇನೋ?" ಎಂದಳು. ಮಿಷಿನ್ನಿನ ಮುಂದಿದ್ದ ಗಂಡ ಪೆಡಲು ತುಳಿಯುವುದನ್ನು ನಿಲ್ಲಿಸಿ ನಕ್ಕ. ಮಾತು ಮುಗಿಯಿತು.

ಮಾರನೆಯ ಬೆಳಿಗ್ಗೆ ಯಜಮಾನರು ಡ್ರೈವರ್ ಹಿಂದಿನ ಸೀಟಿನಲ್ಲೇ ಕೊಡೆ ಊರಿಕೊಂಡು ಕುಳಿತರು. ಬಸ್ಸಿನಲ್ಲಿ ಎಲ್ಲರಿಗೂ ವಿಷಯ ಗೊತ್ತಾಗಿತ್ತು.  ದಿಬ್ಬದ ಬುಡ ಬಂತು. ಮೈದುನ ಅತ್ತಿಗೆಯ ಮುಖ ನೋಡಿದ. ಅವಳು ಒಂದು ಸೀಟಿ ಹೊಡೆದಳು. ಬಸ್ಸು ನಿಂತಿತು. ಅವಳು ಇಳಿದಳು.

ಆಚೆ ಹೋಗಿ ನೋಡಿದರೆ, ಕೊನೆಯ ಲಾರಿ ಕಲ್ಲಿನಿಂದ ಬಹಳ ಈಚೆಗೇ, ಹಳಿಯ ಕಡೆಗೆ ನಿಂತಿತ್ತು. ಅದರ ಡ್ರೈವರೂ, ಅದರ ಮುಂದಿನವನೂ ಎಂಜಿನ್ನು ಆರಿಸಿ ಚಹಾದಂಗಡಿಗೆ ಹೋಗಿದ್ದರು. ಜಾಗವಿಲ್ಲ. ಅವಳು ಸೀಟಿ ಕಚ್ಚಿಕೊಂಡು ನಿಂತಳು. ಯಜಮಾನರು ಕೈಗಡಿಯಾರ ನೋಡಿದರು. 

ಅಷ್ಟರಲ್ಲಿ ಹಿಂದಿನಿಂದ ಹಾರನ್ನು. ನೀಲಿ ಬಸ್ಸು ಪಕ್ಕದಿಂದ ನುಗ್ಗಿ, ದಿಬ್ಬ ಏರಿ, ಹಳಿ ಹತ್ತಿ, ಲಾರಿಯ ಬೆನ್ನಿಗೆ ಬಂದು ಗಕ್ಕನೆ ನಿಂತಿತು. ಬಸ್ಸಿನ ಹಿಂಭಾಗ ಹಳಿಯ ಮೇಲೆಯೇ ಉಳಿಯಿತು. ಆಗಲೇ ಗಂಟೆ ಬಾರಿಸತೊಡಗಿತು. ಕೆಂಪು ದೀಪ ಹತ್ತಿತು.

ಬಿರುಗಾಳಿ ಹಾರನ್ನಿನ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ. ಡ್ರೈವರಿಲ್ಲದ ಲಾರಿಗೆ ಹಾರನ್ನು ಹೊಡೆದರೆ ಏನು ಫಲ? ಸೀಟಿಯಕ್ಕ ಓಡಿ ಬಂದು ಅವನ ಬಾಗಿಲಿಗೆ ದಬದಬ ಗುದ್ದಿದಳು.

"ಮುಂದೆ ನೋಡ್ಬೇಡ! ಮುಂದೆ ಜಾಗ ಇಲ್ಲ. ಹಿಂದೆ ಇದೆ! ಹಿಂದಕ್ಕೆ ತಗೋ!"

"ಹಿಂದೆ ನಿಮ್ಮ ಬಸ್ಸು..."

"ನಮ್ಮ ಬಸ್ಸು ಬುಡದಲ್ಲೇ ಇದೆ. ನಾನು ಹತ್ತಿಸಿಲ್ಲ! ತಗೋ ರಿವರ್ಸು!"

ಬಾಗಿಲ ಹತ್ತಿರವಿದ್ದವರನ್ನು ಇಳಿಯಿರಿ ಇಳಿಯಿರಿ ಎಂದು ಕೂಗುತ್ತಲೇ ಅವಳು ಬಸ್ಸಿನ ಹಿಂದಕ್ಕೆ ಓಡಿದಳು. ಕೆಳಗೆ ಮೈದುನನಿಗೆ ಹೇಳಿಕೊಡಬೇಕಾಗಿರಲಿಲ್ಲ. ಹಸಿರು ಬಸ್ಸು ಆಗಲೇ ಹಿಂದಕ್ಕೆ ಸರಿಯುತ್ತಿತ್ತು. ಅದರ ಹಿಂದೆ, ನಡುರಸ್ತೆಯಲ್ಲಿ, ಮಂಡಿ ನೋವಿನ ಯಜಮಾನರು ಕೊಡೆಯನ್ನು ದೊಣ್ಣೆಯಂತೆ ಬೀಸುತ್ತ ಕಾರು, ಬೈಕುಗಳನ್ನೆಲ್ಲ ಹಿಂದಕ್ಕೆ ಅಟ್ಟುತ್ತಿದ್ದರು. "ಹೋಗ್ರಯ್ಯಾ ಹಿಂದಕ್ಕೆ! ಕಣ್ಣೇನು ಜೇಬಲ್ಲಿ ಇಟ್ಕೊಂಡಿದೀರಾ?"

"ಬರ್ಲಿ, ಬರ್ಲಿ, ಬರ್ಲಿ!" ಸೀಟಿಯಕ್ಕನ ಅಂಗೈ ನೀಲಿ ತಗಡಿನ ಮೇಲೆ ತಾಳ ಹಾಕುತ್ತಿತ್ತು. ಬಸ್ಸಿನ ಮುಂದಿನ ಚಕ್ರ ಹಳಿ ಇಳಿಯಿತು. ಮೂಗು ಇಳಿಯಿತು. ಇನ್ನೂ ಬರ್ಲಿ. "ಹೋಲ್ಡಾನ್!" ಎಂದು ಒಂದು ಸೀಟಿ ಹೊಡೆದಳು.

ತಿರುವಿನಲ್ಲಿ ರೈಲು ಕಾಣಿಸಿಕೊಂಡಿತು. ಕೂಗುತ್ತ, ನೆಲ ನಡುಗಿಸುತ್ತ, ಯಾರ ಮುಖವನ್ನೂ ನೋಡದೆ ಹೋಯಿತು. ಗಾಳಿಗೆ ಅವಳ ಸೆರಗು ಹಾರಿ ಮುಖ ಮುಚ್ಚಿತು. ಸೆರಗು ಸರಿಸಿದಾಗ ದಿಬ್ಬದ ಮೇಲೆ ಖಾಲಿ ಹಳಿ.

ಬಿರುಗಾಳಿ ಕೆಳಗಿಳಿದು ಬಂದ.  ರಸ್ತೆಯ ಬದಿಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಅವಳು ಮೈದುನನ ನೀರಿನ ಬಾಟಲಿ ತಂದು ಅವನ ಮುಂದಿಟ್ಟಳು. "ಕುಡಿ. ಎಲ್ಲರೂ ಸರಿಯಾಗಿದ್ದಾರೆ," ಎಂದಳು. ಅವನು ಒಂದು ಗುಟುಕು ಕುಡಿದು, ಆಚೆಯ ಕಲ್ಲಿನ ಕಡೆ ನೋಡಿ, "ಇಲ್ಲಿಂದ ಅದು ಕಾಣಲ್ಲ, ಅಕ್ಕ. ಪಕ್ಕದಲ್ಲಿ ಎತ್ತರಕ್ಕೆ ಏನಾದರೂ ನೆಡಬೇಕು," ಎಂದ. ಅಕ್ಕ ಎಂದು ಅವನು ಕರೆದದ್ದು ಅದೇ ಮೊದಲು. ಆ ವಾರವೇ ಅವನು ಕಬ್ಬಿಣದ ಪೈಪು, ಸಿಮೆಂಟು, ಬಿಳಿ ಬಣ್ಣ ತಂದು ಆಡಿದ ಮಾತು ಉಳಿಸಿಕೊಂಡ.

ಆದರೆ ಆ ಹೊತ್ತಿನಲ್ಲಿ ಸೀಟಿಯಕ್ಕನಿಗೆ ಇದ್ದದ್ದು ಒಂದೇ ಯೋಚನೆ. ಬಸ್ಸು ತಡವಾಗಿತ್ತು, ಎಂದಿಗಿಂತಲೂ ಹೆಚ್ಚು. ಯಜಮಾನರು ಕುಂಟುತ್ತ ಅವಳ ಕಡೆಗೇ ಬರುತ್ತಿದ್ದರು.

"ಬ್ಯಾಗು ಇತ್ತ ಕೊಡು."

 ಕಿಟಕಿಗಳಲ್ಲಿ ತಲೆಗಳು ಇಣುಕಿದವು. "ಯಜಮಾನರೇ, ನೀವು ನೋಡಿದ್ರಲ್ಲ..." ಎಂದು ಮೈದುನ ಶುರು ಮಾಡಿದ. ಯಜಮಾನರು ಕೈ ಎತ್ತಿ ಅವನನ್ನು ತಡೆದರು. ಅವಳು ಬ್ಯಾಗನ್ನು ಹೆಗಲಿಂದ ಇಳಿಸಿ ಕೊಟ್ಟಳು.

ಯಜಮಾನರು ಅದನ್ನು ತಮ್ಮ ಕೊರಳಿಗೆ ಹಾಕಿಕೊಂಡರು. ಪಟ್ಟಿ ಸರಿಮಾಡಿಕೊಂಡರು.

"ಆ ಬಸ್ಸಿನ ಹಿಂದೆ ನಮ್ಮದೂ ಹತ್ತಿದ್ದಿದ್ದರೆ ಅವನು ಹಿಂದಕ್ಕೆ ಬರೋದೆಲ್ಲಿಂದ? ಹೂಂ. ಇಷ್ಟು ಭಾರ ಹೊತ್ಕೊಂಡು ಹೇಗಮ್ಮ ಓಡಿದೆ? ಇನ್ನು ಮೇಲೆ ಇಳಿಯೋವಾಗ ಇದನ್ನ ಡ್ರೈವರ್ ಹತ್ತಿರ ಬಿಟ್ಟು ಇಳಿ. ಇವತ್ತು ನಾನು ಹಿಡ್ಕೊಂಡಿರ್ತೀನಿ. ಹೋಗು, ಜಾಗ ನೋಡು. ನಾಳೆಯಿಂದ ಬಸ್ಸು ಸ್ವಲ್ಪ ಮುಂಚೆ ಹೊರಡಲಿ."

ಬಸ್ಸಿನೊಳಗಿಂದ ಯಾರೋ ಕೂಗಿದರು: "ಹೊಸ ಕಂಡಕ್ಟರ್ರೇ, ನನಗೆ ಬರಬೇಕಾದ ಚಿಲ್ಲರೆ ಕೊಡ್ತೀರಾ?"

ನಗೆ ಹಿಂದಿನ ಸಾಲಿನವರೆಗೂ ಹರಡಿತು. ಸೀಟಿಯಕ್ಕ ನಗಲಿಲ್ಲ, ನಕ್ಕರೆ ಕಣ್ಣು ತುಂಬುತ್ತದೆಂದು ಅವಳಿಗೆ ಗೊತ್ತಿತ್ತು. ಎರಡೂ ಕಡೆ ನೋಡಿ ಹಳಿ ದಾಟಿದಳು. ಲಾರಿಗಳು ಮುಂದೆ ಸರಿದಿದ್ದವು. ಹಳಿಗೂ ಕಲ್ಲಿಗೂ ನಡುವೆ ರಸ್ತೆ ಖಾಲಿಯಾಗಿತ್ತು. ದಿಬ್ಬದ ಕೆಳಗೆ ಹಸಿರು ಬಸ್ಸು, ನೀಲಿ ಬಸ್ಸು, ಅವುಗಳ ಹಿಂದೆ ಉದ್ದಕ್ಕೂ ಗಾಡಿಗಳು. ಒಂದರ ಹಾರನ್ನೂ ಬಾಯಿ ಬಿಡಲಿಲ್ಲ.

ಅವಳು ಕೆಂಪು ಪಟ್ಟಿಯ ಸೀಟಿಯನ್ನು ತುಟಿಗಿಟ್ಟು ಎರಡು ಸಲ ಊದಿದಳು.