ಜೀಪಿಗೆ ಎತ್ತು ಹೂಡಿದ್ದು

ಕಣ್ಣಿಗೆ ಕಾಣುವ ಶತ್ರುವನ್ನು ಮನುಷ್ಯ ಹೇಗಾದರೂ ಎದುರಿಸಿಯಾನು; ಕಿವಿಗಷ್ಟೇ ಸಿಗುವ ಶತ್ರುವಿನ ಮುಂದೆ ಎಂಥ ಶೂರನೂ ದಿಕ್ಕುಗೆಡುತ್ತಾನೆ. ನಮ್ಮ ಮನೆಯ ಶತ್ರು ‘ಡೊಕ್’ ಎನ್ನುತ್ತಿತ್ತು. ಅದೂ ಇಳಿಜಾರು, ಕೊರಕಲುಗಳಲ್ಲಿ ಮಾತ್ರ. ಸಪಾಟು ರಸ್ತೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗಿಟ್ಟ ಹಳೆಯ ಜೀಪೊಂದನ್ನು ಅಪ್ಪ ಬೆಳಗಾವಿಯಿಂದ ಹತ್ತಿಮತ್ತೂರಿಗೆ ತಂದಿದ್ದ. ಮೈಯೆಲ್ಲ ತಗ್ಗುಬಿದ್ದ ತಗಡು. ಆದರೆ ಅದರ ನಾಲ್ಕೂ ಗಾಲಿಗಳಿಗೆ ಇಂಜಿನ್ನಿನ ಬಲ ಹೋಗುತ್ತಿತ್ತು. ಮಳೆಗಾಲದ ಎರೆಮಣ್ಣಿನಲ್ಲಿ ಸವಣೂರಿನ ಬಸ್ಸು ಹೂತು ನಿಂತಾಗ ಅಪ್ಪ ಸಣ್ಣ ಲಿವರ್ ಎಳೆದು, ಹಾರ್ನ್ ಹೊಡೆದು, ಪಕ್ಕದಲ್ಲೇ ದಾಟಿಹೋಗುತ್ತಿದ್ದ. ಹಾರ್ನ್ ಹೊಡೆಯುವ ಅಗತ್ಯವೇನೂ ಇರಲಿಲ್ಲ.

ಆಗ ಅಕ್ಕ ಹಿರೇಕೆರೂರಿನ ಗಂಡನ ಮನೆಯಲ್ಲಿ ಚೊಚ್ಚಲ ಬಸುರಿ. ತವರಿನವರು ಹಸಿರು ಸೀರೆ, ಹಸಿರು ಬಳೆ, ಬುಟ್ಟಿಗಟ್ಟಲೆ ಉಂಡಿ ಒಯ್ದು ಕುಬಸ, ಎಂದರೆ ಸೀಮಂತ, ಮಾಡಿ ಬರಬೇಕು. ಬೀಗರು ಕುದುರೆ ಟಾಂಗಾ ಇಟ್ಟವರು. ಮದುವೆಯಲ್ಲಿ ನಮ್ಮ ಎತ್ತಿನ ಚಕ್ಕಡಿಗಳನ್ನು ನೋಡಿ ಮೀಸೆಯೊಳಗೇ ನಕ್ಕಿದ್ದರು. ಅದನ್ನು ಮರೆಯದ ಅಪ್ಪ ‘ಶುಕ್ರವಾರ ಜೀಪಿನ್ಯಾಗ ಬರ್ತೇವಿ’ ಎಂದು ಹೇಳಿಕಳಿಸಿಬಿಟ್ಟಿದ್ದ.

ಅದೇ ವಾರ ಬಳೆ ತರಲು ಅವ್ವನನ್ನು ಜೀಪಿನಲ್ಲಿ ಶಿಗ್ಗಾಂವಿಗೆ ಕರೆದೊಯ್ದದ್ದೇ ತಪ್ಪಾಯಿತು. ತಿರುಗಿ ಬಂದು ಇಳಿದವಳೇ ತೀರ್ಪು ಕೊಟ್ಟಳು.

“ಇದರೊಳಗ ಏನೋ ಕುಂತೈತಿ. ಬಸುರಿ ಮನಿಗೆ ಇದರಾಗ ಹೋಗಾಕ ನಾ ಒಲ್ಲೆ. ಸಪ್ಪಳ ಬಿಡಿಸ್ರಿ, ಇಲ್ಲಾ ಚಕ್ಕಡಿ ಹೂಡಸ್ರಿ.”

“ವಯಸ್ಸಾದ ಗಾಡಿ, ಒಂದೀಟು ಕೆಮ್ಮತೈತಿ,” ಎಂದ ಅಪ್ಪ. “ನಿಮ್ಮಪ್ಪ ಕೆಮ್ಮೂದಿಲ್ಲೇನು?”

“ನಮ್ಮಪ್ಪನ ಮ್ಯಾಲೆ ಕುಂತು ನಾ ಬೀಗರ ಮನಿಗೆ ಹೊಂಟಿಲ್ಲಲ್ರಿ.”

ಸವಣೂರಿನಿಂದ ಮೋಟಾರು ಮಿಸ್ತ್ರಿಯನ್ನು ಕರೆಸಿದೆವು. ಆತ ಕಟ್ಟಿಗೆಯ ಒಂದು ತುದಿಯನ್ನು ಇಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಹಚ್ಚಿ, ನಾಡಿ ನೋಡುವ ಹಕೀಮನಂತೆ ಕಣ್ಣು ಮುಚ್ಚಿದ. ಜೀಪಿನ ಅಡಿಗೂ ಹೋಗಿ ಬಹಳ ಹೊತ್ತು ಮಲಗಿದ್ದು ಎದ್ದು ಬಂದ.

“ಗೌಡ್ರ, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಹೊಂದಿಕಿ ಇಲ್ರಿ. ಒಂದ ಮನ್ಯಾಗ ಇಬ್ರು ಹೆಂಡರು ಇದ್ಧಂಗ ಆಗೇತಿ. ಗೇರ್ ಪೆಟಿಗಿ ಬಿಚ್ಚಬೇಕು.”

“ಶುಕ್ರವಾರದೊಳಗ ಮತ್ತ ಕೂಡ್ತೈತೇನು?”

“ಬಿಚ್ಚೂದು ನನ್ನ ಕೈಯಾಗೈತ್ರಿ. ಕೂಡೂದು ಅಲ್ಲಾನ ಕೈಯಾಗೈತಿ.”

ಅಪ್ಪನ ಮುಖ ಬಿತ್ತು. ಬೀಗರ ಅಂಗಳದಲ್ಲಿ ಮತ್ತೆ ಚಕ್ಕಡಿಯಿಂದ ಇಳಿಯುವ ಚಿತ್ರ ಅವನ ಕಣ್ಣಿಗೆ ಕಟ್ಟಿದ್ದು ನನಗೂ ಕಾಣಿಸಿತು. ಮನುಕುಲಕ್ಕೆ ನಾನು ಮಾಡಿದ ಏಕಮಾತ್ರ ಸೇವೆ ನಡೆದದ್ದು ಆ ಗಳಿಗೆಯಲ್ಲಿ.

“ಎತ್ತು ಹೂಡೂಣು,” ಎಂದೆ.

“ಜೀಪಿಗೆ? ಊರ ಮಂದಿ ಮುಂದ? ತಲಿ ಕೆಟ್ಟೈತೇನು?”

“ಇಂಜಿನ್ನಿನ ಗದ್ದಲದಾಗ ಏನ ಕೇಳತೈತಿ? ಅದನ್ನ ಬಂದ್ ಮಾಡಿ ಎಳಸೂಣು. ಗಾಲಿಗೆ ಬಲಾನ ಹೋಗದಿದ್ರೂ ಸಪ್ಪಳ ಬಂತು ಅಂದ್ರ, ಹೆಂಡರದು ತಪ್ಪಿಲ್ಲ ಅಂದಂಗಾತು.”

ಚಕ್ಕಡಿಯ ತಕರಾರನ್ನು ನಮ್ಮಲ್ಲಿ ಹಿಡಿಯುವುದೂ ಹೀಗೆಯೇ. ಒಬ್ಬ ಎತ್ತು ಹೊಡೆಯಬೇಕು, ಇನ್ನೊಬ್ಬ ಗಾಲಿಯ ಪಕ್ಕ ಬಗ್ಗಿ ಕಿವಿಗೊಟ್ಟು ನಡೆಯಬೇಕು. ಮೋಟಾರಿಗೆ ಈ ಶಾಸ್ತ್ರ ನಿಷಿದ್ಧವೆಂದು ಯಾರೂ ಬರೆದಿಟ್ಟಿಲ್ಲ.

ಬಂಪರಿಗೆ ಹಗ್ಗ ಬಿಗಿದು ನಮ್ಮ ಬಿಳಿಯೆತ್ತುಗಳನ್ನು ಕಟ್ಟಿದೆವು. ಮಿಸ್ತ್ರಿ ಎತ್ತು ಹೊಡೆದ. ಅಪ್ಪ ರುಮಾಲು ಸುತ್ತಿಕೊಂಡು, ದರಬಾರಿಗೆ ಹೊರಟವನಂತೆ ನೆಟ್ಟಗೆ ನೋಡುತ್ತ ಸ್ಟೇರಿಂಗ್ ಹಿಡಿದು ಕುಳಿತ. ಕಟ್ಟೆಯ ಮೇಲಿನಿಂದ ಒಬ್ಬ ಕೇಳಿಯೇಬಿಟ್ಟ: “ಯಾಕ್ರಿ ಗೌಡ್ರ, ಪೆಟ್ರೋಲ್ ತುಟ್ಟಿ ಆತೇನ್ರಿ?” ಅಪ್ಪ ಅವನಿಗೂ ಹಾರ್ನ್ ಹೊಡೆದ.

ಊರ ಹೊರಗೆ ದಾರಿ ಹಳ್ಳಕ್ಕೆ ಇಳಿಯುವಲ್ಲಿ ಶತ್ರು ಬಾಯಿ ಬಿಟ್ಟಿತು. ಡೊಕ್. ಡೊಕ್ ಡೊಕ್. ನಾನು ನೆಲಕ್ಕೆ ಮುಖ ತಾಗುವಷ್ಟು ಬಗ್ಗಿದೆ.

ನಮ್ಮ ಕಡೆ ಯಾವ ಚಕ್ಕಡಿಯ ಅಡಿಯಲ್ಲಿ ನೋಡಿದರೂ ಒಂದು ಬಿದಿರಿನ ಗೊಟ್ಟ ತೂಗಾಡುತ್ತಿರುತ್ತದೆ. ಅದರಲ್ಲಿ ಕೀಲೆಣ್ಣೆ, ಎಂದರೆ ಗಾಲಿ ಕಿರುಗುಟ್ಟಿದರೆ ಹಚ್ಚಲು ಔಡಲೆಣ್ಣೆಯಲ್ಲಿ ಕಲಸಿದ ಕರಿ. ಅಂಥದೇ ಒಂದು ಗೊಟ್ಟ ಜೀಪಿನಡಿ ಹಗ್ಗದಲ್ಲಿ ನೇತಾಡುತ್ತ, ಕೊರಕಲು ಬಂದಾಗಲೆಲ್ಲ ಹಿಂದಿನ ಅಚ್ಚಿನ ನಡುವಿನ ಕಬ್ಬಿಣದ ಉಂಡೆಗೆ ಬಡಿಯುತ್ತಿತ್ತು.

“ಸಿಕ್ತು!” ಎಂದು ಕೂಗಿದೆ. ಎತ್ತು ನಿಂತವು. ಮೂವರೂ ಮೊಣಕಾಲೂರಿ ಬಗ್ಗಿ ನೋಡಿದೆವು.

“ನೀ ಕೆಳಗ ಮಲಗಿದ್ದಿ, ಇದನ್ನ ನೋಡ್ಲಿಲ್ಲೇನು?” ಎಂದು ಅಪ್ಪ ಮಿಸ್ತ್ರಿಯನ್ನು ಗದರಿಸಿದ.

“ನೋಡೇನ್ರಿ. ಗಾಡಿ ಅಂದಮ್ಯಾಗ ಗೊಟ್ಟ ಇರಬೇಕಲ್ರಿ? ಇಲ್ಲದಿದ್ರ ಕೇಳತಿದ್ನಿ.” ಆಮೇಲೆ ಮೆಲ್ಲಗೆ ಕೇಳಿದ, “ಕಟ್ಟಿದವ್ರು ಯಾರ್ರಿ?”

ಜೀಪು ತಂದ ದಿನ, ಕಾಯಿ ಒಡೆಯುವ ಮೊದಲೇ, ಅಪ್ಪ ಅದನ್ನು ತನ್ನ ಕೈಯಾರೆ ಕಟ್ಟಿದ್ದ.

“ಗಾಲಿ ಇದ್ದಮ್ಯಾಲೆ ಕೀಲೆಣ್ಣಿ ಬೇಕ,” ಎಂದ ಅಪ್ಪ, ಮೊಣಕಾಲಿನ ಮಣ್ಣು ಝಾಡಿಸುತ್ತ. “ಮಿಲಿಟರಿಯವರು ಮರತಿದ್ರು.” ಹಾಗೆಂದು ಗೊಟ್ಟವನ್ನು ಬಿಚ್ಚಿ, ತಿಪ್ಪೆಗೆಸೆಯದೆ, ಅರಿವೆಯಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟ. ಆಮೇಲೆ ನನ್ನ ಬೆನ್ನಿಗೊಂದು ಪೆಟ್ಟು ಕೊಟ್ಟ. ನಮ್ಮ ಮನೆಯಲ್ಲಿ ಪ್ರಶಸ್ತಿ ಕೊಡುವ ರೀತಿ ಅದು. ಮುಂದೆ ದೊಡ್ಡವನಾದ ಮೇಲೆ ನನಗೆ ಒಂದೆರಡು ಶಾಲು, ಹಾರಗಳೂ ಬಂದಿವೆ. ಅವನ್ನು ನಾನು ಅಷ್ಟಾಗಿ ಲೆಕ್ಕಕ್ಕೆ ಹಿಡಿದಿಲ್ಲ.

ಶುಕ್ರವಾರ ಅವ್ವ ಜೀಪಿನಲ್ಲಿ ಹಿರೇಕೆರೂರಿಗೆ ಹೋಗಿ ಅಕ್ಕನ ಕುಬಸ ಮಾಡಿ ಬಂದಳು. ದಾರಿಯಲ್ಲಿ ಸಪ್ಪಳ ಬರಲಿಲ್ಲ.